ತಾಮ್ರದ ತಪ್ಪಲೆಯಲ್ಲಿ ನೆಲ್ಲಿಯ ರಸ

“ಗುರುಗಳೇ, ಇಷ್ಟು ವರ್ಷ ನೀವು ಹೇಳಿದ್ದನ್ನೆಲ್ಲ ಹಿಂಡಿ ಒಂದೇ ಮಾತು ಮಾಡಿ ಕೊಡಬಾರದೇ?” ಎಂದು ಸಿದ್ಧಮಲ್ಲ ಕೇಳಿದ.

ಅವನು ಆ ಮಠಕ್ಕೆ ಬಂದು ಒಂಬತ್ತು ವರ್ಷವಾಗಿತ್ತು. ದಿನಕ್ಕೆ ಒಂದೇ ಮಾತು ಹೇಳುವುದು ಗುರುಗಳ ಪದ್ಧತಿ. ಬೆಳಿಗ್ಗೆ ಅದನ್ನು ಹೇಳಿ, ಸಂಜೆಯವರೆಗೆ ನಡೆಸಿ ನೋಡು ಎನ್ನುವರು, ಅಷ್ಟೆ. ಸಿಟ್ಟು ಬಂದಾಗ ನಾಲಿಗೆ ತಡೆ ಎಂಬಂಥ ಚಿಕ್ಕ ಮಾತುಗಳು. ಸಿದ್ಧಮಲ್ಲ ಒಂದನ್ನೂ ಬಿಡದೆ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದ. ಪುಸ್ತಕವನ್ನು ರೇಷ್ಮೆ ವಸ್ತ್ರದಲ್ಲಿ ಗಂಟು ಕಟ್ಟಿ, ಮಣೆಯ ಮೇಲಿಟ್ಟು, ದಿನವೂ ಹೂವೇರಿಸುತ್ತಿದ್ದ. ಅಂದು ಬೆಳಿಗ್ಗೆ ಕಸ ಗುಡಿಸುವ ಕೆಂಚವ್ವ ಮಣೆಯ ಕೆಳಗಿನ ದೂಳು ತೆಗೆಯಲೆಂದು ಆ ಗಂಟನ್ನು ಎತ್ತಿ ಪಕ್ಕಕ್ಕಿಟ್ಟಿದ್ದಳು. ಸಿದ್ಧಮಲ್ಲ ಓಡಿಬಂದು, ಗಂಟನ್ನು ಎದೆಗವಚಿಕೊಂಡು, ಆ ಮುದುಕಿಯನ್ನು ಬಾಯಿಗೆ ಬಂದಂತೆ ಬೈದಿದ್ದ. ಒಳಗಿದ್ದ ಗುರುಗಳಿಗೆ ಎಲ್ಲವೂ ಕೇಳಿಸಿತ್ತು.

ಮರುದಿನ ಸಿದ್ಧಮಲ್ಲ ಇನ್ನೊಂದು ಊರಿನ ಮಠದ ಹೊಣೆ ಹೊರಲು ಹೊರಡುವವನಿದ್ದ. ಅಲ್ಲಿ ಜನ ಕಷ್ಟ ಹೇಳಿಕೊಂಡು ಬರುತ್ತಾರೆ. ಮೂರು ಸಾವಿರ ಮಾತುಗಳಲ್ಲಿ ಯಾವುದನ್ನು ಹುಡುಕುತ್ತ ಕೂರುವುದು ಎಂಬುದು ಅವನ ಚಿಂತೆ.

“ನಿನ್ನನ್ನು ಕಳಿಸಲೋ ಬೇಡವೋ ಎಂದು ನಾನೂ ಬೆಳಿಗ್ಗೆಯಿಂದ ಯೋಚಿಸುತ್ತಿದ್ದೇನೆ,” ಎಂದರು ಗುರುಗಳು. “ಕೂತುಕೋ. ಒಂದು ಕತೆ ಹೇಳುತ್ತೇನೆ.”

ಸಿದ್ಧಮಲ್ಲ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ. ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಪಾತ್ರೆ ವ್ಯಾಪಾರಿಯಿದ್ದ. ತಾಮ್ರ, ಹಿತ್ತಾಳೆ, ಕಂಚು ಎಲ್ಲವನ್ನೂ ಮಾರುತ್ತಿದ್ದ. ಒಳ್ಳೆಯ ಮನುಷ್ಯ, ಸುಳ್ಳು ಹೇಳುವವನಲ್ಲ. ತಾಮ್ರದ ಪಾತ್ರೆ ಕೊಳ್ಳಲು ಯಾರೇ ಬರಲಿ, ಕೈಗೆ ಕೊಡುವ ಮೊದಲು ಒಂದು ಮಾತು ಹೇಳುತ್ತಿದ್ದ: “ನೀರು ಇಡಿ, ತೊಂದರೆ ಇಲ್ಲ. ಹುಳಿ ಇಡೋದಾದ್ರೆ ಕಲಾಯಿ ಹಾಕಿಸದೆ ಇಡಬೇಡಿ. ಕಿಲುಬು ಹಿಡಿದು ವಿಷ ಆಗ್ತದೆ.” ಮೂವತ್ತು ವರ್ಷದಲ್ಲಿ ಆ ಮಾತನ್ನು ಎಷ್ಟು ಸಲ ಹೇಳಿದ್ದನೋ ಅವನಿಗೇ ಗೊತ್ತಿರಲಿಲ್ಲ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದ.

ಅವನಿಗೆ ಹೆಂಡತಿಯೆಂದರೆ ಪ್ರಾಣ. ಅವಳಿಗೆ ಚಿಕ್ಕಂದಿನಿಂದ ಹುಳಿ ಸೇರದು, ಒಗರು ಸೇರದು, ಸೊಪ್ಪು ಕಂಡರೆ ಮುಖ ತಿರುಗಿಸುವಳು. ಅನ್ನ, ತುಪ್ಪ, ಬೆಲ್ಲ ಇದ್ದರೆ ಊಟ ಮುಗಿಯಿತು. ಗಂಡ ಅದನ್ನೇ ಬಡಿಸಿ ಸಂತೋಷಪಡುತ್ತಿದ್ದ. ಹೀಗೆ ಬಹಳ ವರ್ಷ ನಡೆಯಿತು.

ಒಂದು ಚಳಿಗಾಲದಲ್ಲಿ ಅವಳು ಬಡವಾಗತೊಡಗಿದಳು. ಮೂರು ಮೆಟ್ಟಿಲು ಹತ್ತಿದರೆ ಏದುಸಿರು. ಹಲ್ಲುಜ್ಜಿದರೆ ವಸಡಿನಲ್ಲಿ ರಕ್ತ. ಈಳಿಗೆ ಮಣೆ ತಾಗಿ ಬೆರಳಿಗಾದ ಚಿಕ್ಕ ಗಾಯ ತಿಂಗಳಾದರೂ ಮಾಯಲಿಲ್ಲ. ವ್ಯಾಪಾರಿಗೆ ಭಯವಾಯಿತು. ಅಂಗಡಿಗೆ ಬೀಗ ಹಾಕಿ ವೈದ್ಯನನ್ನು ಕರೆತಂದ.

ವೈದ್ಯ ನಾಡಿ ಹಿಡಿದು, ವಸಡು ನೋಡಿ, ಊಟ ಏನೆಂದು ಕೇಳಿದ. ಆಮೇಲೆ ಹೇಳಿದ: “ದಿನಾ ಬೆಳಿಗ್ಗೆ ಒಂದು ಬೆಟ್ಟದ ನೆಲ್ಲಿಕಾಯಿ. ಚೆನ್ನಾಗಿ ಅಗಿದು ನುಂಗಬೇಕು. ಮೇಲೆ ಒಂದು ಲೋಟ ನೀರು. ಊಟದಲ್ಲಿ ಸೊಪ್ಪು ಇರಲಿ. ಇಷ್ಟೇ.”

“ಎಷ್ಟು ದಿನ?” ಎಂದು ವ್ಯಾಪಾರಿ ಕೇಳಿದ.

“ದಿನಾ ಅಂದೆನಲ್ಲ,” ಎಂದು ವೈದ್ಯ ಹೊರಟುಹೋದ.

ಮೊದಲ ದಿನ ಹೆಂಡತಿ ನೆಲ್ಲಿಕಾಯಿ ಕಚ್ಚಿದಳು. ಅವಳ ಕಣ್ಣು ಮುಚ್ಚಿತು, ಮುಖ ಕಿವುಚಿತು, ಭುಜ ಕಿವಿಗೆ ತಾಗಿತು. ಅಗಿಯಲಾಗದೆ ಉಗಿದುಬಿಟ್ಟಳು. ವ್ಯಾಪಾರಿಗೆ ಅದನ್ನು ನೋಡಲಾಗಲಿಲ್ಲ. ಜೀವಮಾನವಿಡೀ ಇವಳು ಹೀಗೆ ದಿನವೂ ಹಿಂಸೆಪಡಬೇಕೇ ಎಂದುಕೊಂಡ. ಪ್ರೀತಿ ಹೆಚ್ಚಾದಾಗ ಮನುಷ್ಯನಿಗೆ ಉಪಾಯಗಳೂ ಹೆಚ್ಚು ಹೊಳೆಯುತ್ತವೆ. ಅವನಿಗೂ ಒಂದು ಹೊಳೆಯಿತು. ಗುಣವಿರುವುದು ರಸದಲ್ಲಿ. ಸಾವಿರ ಕಾಯಿಯ ರಸ ತೆಗೆದು, ಬತ್ತಿಸಿ, ಜೇನು ಬೆರೆಸಿಟ್ಟರೆ ದಿನಕ್ಕೆ ಒಂದು ಚಮಚ ಸಾಕು. ಒಂದು ಚಮಚದಲ್ಲಿ ಇಪ್ಪತ್ತು ಕಾಯಿಯ ಬಲ. ಬೇಗ ಗುಣ, ಹಿಂಸೆಯೂ ಇಲ್ಲ.

ಬೆಟ್ಟದಿಂದ ಮೂಟೆಗಟ್ಟಲೆ ನೆಲ್ಲಿಕಾಯಿ ತರಿಸಿದ. ಜಜ್ಜಿ ಹಿಂಡಿದ. ಮಣ್ಣಿನ ಮಡಕೆಯಲ್ಲಿ ಸಣ್ಣ ಉರಿಯ ಮೇಲಿಟ್ಟು, ಎರಡು ದಿನ ತಾನೇ ಕುಳಿತು ಕೈಯಾಡಿಸಿದ. ಹೊಗೆಗೆ ಕಣ್ಣು ಕೆಂಪಾಯಿತು. ಕೊನೆಗೆ ಮಡಕೆಯ ತಳದಲ್ಲಿ ಕಪ್ಪು ಪಾಕದಂಥ ರಸ ಉಳಿಯಿತು. ಅದನ್ನು ನೋಡಿ ಅವನ ಮನಸ್ಸು ತುಂಬಿಬಂತು. “ಇದು ಅಮೃತ ಕಣೇ,” ಎಂದು ಹೆಂಡತಿಗೆ ಹೇಳಿದ. ಆ ದಿನದಿಂದ ಮನೆಯಲ್ಲಿ ಅದಕ್ಕೆ ಅಮೃತವೆಂದೇ ಹೆಸರು.

ಅಮೃತವನ್ನು ಮಣ್ಣಿನ ಮಡಕೆಯಲ್ಲಿ ಇಡುವುದುಂಟೇ? ಮನೆಯಲ್ಲಿ ಒಂದು ತಾಮ್ರದ ತಪ್ಪಲೆಯಿತ್ತು. ಹೆಂಡತಿ ಮದುವೆಯಲ್ಲಿ ತವರಿನಿಂದ ತಂದದ್ದು. ಅದರಲ್ಲಿ ಅಡುಗೆ ಮಾಡುವಂತಿರಲಿಲ್ಲ. ಹಬ್ಬದ ದಿನ ಪೂಜೆಗೆ ನೀರು ತುಂಬಿಡಲು ಮಾತ್ರ. ಹೀಗಾಗಿ ಕಲಾಯಿ ಹಾಕಿಸಿರಲೇ ಇಲ್ಲ. ವ್ಯಾಪಾರಿ ಅದನ್ನು ತೊಳೆದು, ಒರೆಸಿ, ಅದರೊಳಗೆ ರಸ ಸುರಿದ. ಮೂವತ್ತು ವರ್ಷ ಊರಿಗೆಲ್ಲ ಹೇಳಿದ ಮಾತು ಆ ಕ್ಷಣ ಅವನ ನೆನಪಿಗೆ ಬರಲಿಲ್ಲ. ಬರುವುದಾದರೂ ಹೇಗೆ? ಆ ಮಾತು ಹುಳಿಯನ್ನು ಕುರಿತದ್ದು. ಅವನ ಕಣ್ಣಿಗೆ ಇದು ಹುಳಿಯಾಗಿ ಉಳಿದೇ ಇರಲಿಲ್ಲ.

ತಪ್ಪಲೆ ದೇವರ ಮನೆ ಸೇರಿತು. ಕಂಠಕ್ಕೆ ಅರಿಶಿನ ಕುಂಕುಮ, ಬಾಯಿಗೆ ಬಿಳಿ ವಸ್ತ್ರ. ದಿನ ಬೆಳಿಗ್ಗೆ ಪೂಜೆಯಾದ ಮೇಲೆ ವ್ಯಾಪಾರಿ ಒಂದು ಚಮಚ ರಸವನ್ನು ತೀರ್ಥದಂತೆ ಹೆಂಡತಿಯ ಅಂಗೈಗೆ ಹಾಕುತ್ತಿದ್ದ. ಅವಳು ಕಣ್ಣಿಗೊತ್ತಿಕೊಂಡು ಕುಡಿಯುತ್ತಿದ್ದಳು. ಮುಖ ಕಿವುಚುತ್ತಿರಲಿಲ್ಲ. ಅವನಿಗೆ ಅಷ್ಟೇ ಬೇಕಾಗಿತ್ತು.

ಐದಾರು ದಿನ ಕಳೆಯಿತು. ಅವಳಿಗೆ ಹೊಟ್ಟೆ ತೊಳಸತೊಡಗಿತು. ನಾಲಿಗೆಯ ಮೇಲೆ ಏನೋ ಲೋಹ ನೆಕ್ಕಿದ ರುಚಿ ಎಂದಳು. ಅಮೃತದ ಬಲ ಮೈಗೆ ಹತ್ತುತ್ತಿದೆ ಎಂದ ಅವನು. ಹತ್ತನೆಯ ದಿನ ವಾಂತಿ ಶುರುವಾಯಿತು. ಬಲ ಸಾಲದೆಂದು ಎರಡು ಚಮಚ ಮಾಡಿದ. ಅವಳು ಹಾಸಿಗೆ ಹಿಡಿದಳು. ಮಾತಾಡಲು ಶಕ್ತಿಯಿಲ್ಲದಿದ್ದರೂ ಗಂಡನ ಮುಖ ನೋಡಿ ಅಂಗೈ ಚಾಚುತ್ತಿದ್ದಳು. ಆ ಹೆಂಗಸು ಸಾವಿನ ಕಡೆ ಒಂದೊಂದೇ ಹೆಜ್ಜೆ ಇಡುತ್ತಿದ್ದಳು, ಆ ಹೆಜ್ಜೆ ಇಡಿಸುತ್ತಿದ್ದವನು ಅವಳನ್ನು ಎಲ್ಲರಿಗಿಂತ ಹೆಚ್ಚು ಪ್ರೀತಿಸಿದವನು. ನನಗೆ ಈ ಕತೆಯಲ್ಲಿ ಸಂಕಟವಾಗುವುದು ಇಲ್ಲೇ.

ಇಪ್ಪತ್ತನೆಯ ದಿನ ವ್ಯಾಪಾರಿ ಮೂರನೆಯ ಚಮಚ ಕೊಡಬೇಕೆಂದು ನಿಶ್ಚಯಿಸಿ ಕೈಕಾಲು ತೊಳೆಯಲು ಹಿತ್ತಲಿಗೆ ಹೋದ. ಅಲ್ಲಿ ಪಾತ್ರೆ ತಿಕ್ಕುವ ಹೆಂಗಸು ಕುಳಿತಿದ್ದಳು. ರಸ ಹಿಂಡಿ ಬಿಸಾಡಿದ್ದ ನೆಲ್ಲಿಯ ಹಿಪ್ಪೆಯನ್ನು ಅವಳು ಮೊರದಲ್ಲಿ ಒಣಗಿಸಿಟ್ಟುಕೊಂಡಿದ್ದಳು. ಅದನ್ನು ಒಂದು ಹಿಡಿ ನೆನೆಸಿ ತಾಮ್ರದ ಚೊಂಬು ತಿಕ್ಕುತ್ತಿದ್ದಳು. ನಡುನಡುವೆ ಒಂದು ಚೂರು ಬಾಯಿಗೂ ಹಾಕಿಕೊಳ್ಳುತ್ತಿದ್ದಳು.

ವ್ಯಾಪಾರಿಗೆ ಸಿಟ್ಟು ನೆತ್ತಿಗೇರಿತು. “ಅಮೃತದ ಹಿಪ್ಪೇಲಿ ಎಂಜಲು ಪಾತ್ರೆ ತಿಕ್ತೀಯಾ? ನಿನಗೆ ಕೈ ಹೇಗೆ ಬಂತು?” ಎಂದು ಕೂಗಾಡಿದ.

ಅವಳು ಹೆದರಲಿಲ್ಲ. ಚೊಂಬಿಗೆ ನೀರು ಹಾಕಿ ತೊಳೆದು ಎತ್ತಿ ಹಿಡಿದಳು. ಅದು ಹೊಸದರಂತೆ ಹೊಳೆಯುತ್ತಿತ್ತು.

“ಅಮೃತ ಎಲ್ಲೈತೆ ಬುದ್ಧಿ, ನೆಲ್ಲಿಕಾಯಿ ಹಿಪ್ಪೆ ಇದು,” ಎಂದಳು. “ಹುಳಿ ಐತಲ್ಲ, ತಾಮ್ರ ಚೆಂದ ಹೊಳೀತದೆ. ಆದ್ರೆ ತಿಕ್ಕಿದ ತಕ್ಷಣ ತೊಳೀಬೇಕು. ಹಂಗೇ ಬಿಟ್ರೆ ಕಿಲುಬು ಹಿಡಿದು ವಿಷ ಆಯ್ತದೆ. ನೀವೇ ಅಂಗಡೀಲಿ ಎಲ್ರಿಗೂ ಹೇಳ್ತೀರಲ್ಲ.”

ವ್ಯಾಪಾರಿ ದೇವರ ಮನೆಗೆ ಓಡಿದ. ವಸ್ತ್ರ ಕಿತ್ತೆಸೆದು ತಪ್ಪಲೆಯನ್ನು ಅಂಗಳಕ್ಕೆ ತಂದು ಬಗ್ಗಿಸಿದ. ಕಪ್ಪು ರಸ ನೆಲಕ್ಕೆ ಹರಿಯಿತು. ತಪ್ಪಲೆಯ ಒಳಮೈಯಲ್ಲಿ ಕಂಠದಿಂದ ತಳದವರೆಗೆ ಹಸಿರು ಕಿಲುಬು ದಪ್ಪಗೆ ಕುಳಿತಿತ್ತು. ಹೊರಗೆ ಅರಿಶಿನ ಕುಂಕುಮ ಹಾಗೇ ಇತ್ತು. ಅವನು ಅದರ ಪಕ್ಕದಲ್ಲೇ ಕುಸಿದು ಕುಳಿತು ಅತ್ತ.

ವೈದ್ಯ ಬಂದ. ಬೈಯಲಿಲ್ಲ. ಹಾಲು ಕುಡಿಸಿ, ಗಂಜಿ ಕೊಟ್ಟು, ಹೊಟ್ಟೆಯನ್ನು ಸಮಾಧಾನಕ್ಕೆ ತಂದ. ವಾರ ಕಳೆದ ಮೇಲೆ ಅವಳು ಎದ್ದು ಕುಳಿತಳು. ಆಗ ವೈದ್ಯ ತನ್ನ ಚೀಲದಿಂದ ಒಂದು ನೆಲ್ಲಿಕಾಯಿ ತೆಗೆದು ವ್ಯಾಪಾರಿಯ ಕೈಗಿಡಹೋದ. ವ್ಯಾಪಾರಿ ಕೈ ಹಿಂದಕ್ಕೆಳೆದುಕೊಂಡ.

“ಕಾಯಿಯ ಮೇಲೆ ಯಾಕಪ್ಪ ಕೋಪ?” ಎಂದ ವೈದ್ಯ. “ತಾಮ್ರ ಮಂಕಾಗೋಕೆ ಯಾರೂ ಏನೂ ಮಾಡಬೇಕಾಗಿಲ್ಲ, ಗಾಳಿ ಸಾಕು. ಮೈಯೂ ಅಷ್ಟೆ. ಯಾವ ಉಸಿರಿನಿಂದ ಬದುಕ್ತೀವೋ ಅದೇ ಒಳಗೆ ದಿನಾ ಸ್ವಲ್ಪ ಮಂಕು ಹಿಡಿಸ್ತದೆ. ನೆಲ್ಲಿ, ನೇರಳೆ, ದಾಳಿಂಬೆ, ಸೊಪ್ಪು, ಇವೆಲ್ಲ ಆ ಮಂಕನ್ನ ದಿನಾ ಸ್ವಲ್ಪ ತಿಕ್ಕಿ ತೊಳೆಯೋಕೆ. ವರ್ಷದ್ದೆಲ್ಲ ಒಂದೇ ದಿನ ತಿಕ್ತೀನಿ ಅಂದ್ರೆ ಪಾತ್ರೆ ತೂತಾಗ್ತದೆ.”

ಹೆಂಡತಿ ಕೈ ಚಾಚಿ ನೆಲ್ಲಿಕಾಯಿ ತೆಗೆದುಕೊಂಡಳು. ಕಚ್ಚಿದಳು. ಮುಖ ಕಿವುಚಿತು, ಕಣ್ಣಲ್ಲಿ ನೀರು ಬಂತು. ಈ ಸಲ ಉಗಿಯಲಿಲ್ಲ. ಬಹಳ ಹೊತ್ತು ಅಗಿದು ನುಂಗಿ, ಒಂದು ಲೋಟ ನೀರು ಕುಡಿದಳು. ಲೋಟವನ್ನು ಒಮ್ಮೆ ನೋಡಿ ಮತ್ತೆ ಕುಡಿದಳು.

“ಏನ್ರೀ, ನೀರು ಸಿಹಿಯಾಗಿದೆ!” ಎಂದಳು.

ಅದು ಅದೇ ಬಾವಿಯ ನೀರು. ನೆಲ್ಲಿಕಾಯಿ ಅಗಿದವರಿಗೆಲ್ಲ ಗೊತ್ತಿರುವ ಸಂಗತಿ. ಜೇನು ಬೆರೆಸಿದ ಇಪ್ಪತ್ತು ದಿನದ ಅಮೃತದಲ್ಲಿ ಅವಳಿಗೆ ಆ ಸಿಹಿ ಒಂದು ದಿನವೂ ಸಿಕ್ಕಿರಲಿಲ್ಲ. ಮರುದಿನದಿಂದ ಗಂಡ ಹೆಂಡತಿ ಇಬ್ಬರೂ ಜಗಲಿಯ ಮೇಲೆ ಕುಳಿತು, ಒಬ್ಬರ ಮುಖ ಒಬ್ಬರು ನೋಡಿ ನಗುತ್ತ, ತಲೆಗೊಂದು ನೆಲ್ಲಿಕಾಯಿ ಅಗಿಯುತ್ತಿದ್ದರಂತೆ. ಅವಳ ಬೆರಳಿನ ಗಾಯ ಯಾವಾಗ ಮಾಯಿತು ಎಂಬುದು ಇಬ್ಬರಿಗೂ ಗೊತ್ತಾಗಲಿಲ್ಲ.

ಇಷ್ಟು ಹೇಳಿ ಗುರುಗಳು ಕತೆ ಮುಗಿಸಿದರು.

ಸಿದ್ಧಮಲ್ಲ ನಕ್ಕ. “ಎಂಥ ದಡ್ಡ, ಗುರುಗಳೇ! ಮೂವತ್ತು ವರ್ಷ ಊರಿಗೆ ಹೇಳಿದ್ದು ತನ್ನ ಮನೆಯಲ್ಲಿ ನೆನಪಾಗಲಿಲ್ಲ. ನಾನು ಹೋಗುವ ಊರಿನ ಜನಕ್ಕೆ ಹೇಳಲು ಇದು ಚೆನ್ನಾಗಿದೆ, ಈಗಲೇ ಬರೆದುಕೊಂಡುಬಿಡುತ್ತೇನೆ,” ಎಂದು ತೊಡೆಯ ಮೇಲಿನ ರೇಷ್ಮೆ ಗಂಟನ್ನು ಬಿಚ್ಚಲು ಕೈಹಾಕಿದ.

ಹೊರಗೆ ಕೆಂಚವ್ವ ಅಂಗಳ ಗುಡಿಸುತ್ತಿದ್ದಳು. ಗುರುಗಳು ಒಂದು ಗಳಿಗೆ ಆ ಕಡೆ ನೋಡಿದರು.

“ಬೆಳಿಗ್ಗೆ ಅವಳನ್ನು ಬೈಯುವಾಗ ಆ ಗಂಟು ಎಲ್ಲಿತ್ತು, ಸಿದ್ಧಮಲ್ಲ?” ಎಂದರು.

ಗಂಟಿನ ಮೇಲಿದ್ದ ಅವನ ಬೆರಳುಗಳು ಅಲ್ಲೇ ನಿಂತವು.