ಚಿಕ್ಕೀರ ಸಾರಿದ ರದ್ದು

ಇದ್ದಳಂತೆ ಒಬ್ಬಳು ದ್ಯಾವಮ್ಮ, ಅವಳಿಗೊಬ್ಬ ಮಗ ಚಿಕ್ಕೀರ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಮಗ. ಅದೇ ಅವಳ ಗ್ರಹಚಾರ. ಅಪ್ಪ ಸತ್ತ ಮೇಲೆ ತಮಟೆ ಬಡಿದು ಗೌಡರ ಅಪ್ಪಣೆ ಸಾರುವ ಕೆಲಸ ಅವನಿಗೆ ಬಂತು. ತಮಟೆ ಹೋದರೆ ಸುಗ್ಗಿಯಲ್ಲಿ ಊರವರು ಅಳೆಯುವ ರಾಗಿಯೂ ಹೋದಂತೆ.

ಅಧಿಕಾರಿ ಬರುತ್ತಾರೆ, ಮನೆಗಳಿಗೆ ಸುಣ್ಣ ಬಳಿಯಿರಿ ಎಂದು ಗೌಡರು ಸಾರಿಸಿದರು. ಎಲ್ಲರೂ ಬಳಿದರು. ಮಾರನೆಯ ದಿನ, ಆ ಅಪ್ಪಣೆ ರದ್ದು ಅಂದರು. ರದ್ದು ಅಂದರೇನವ್ವ ಎಂದ ಚಿಕ್ಕೀರ. ಗೊತ್ತಿಲ್ಲ ಅನ್ನಲು ದ್ಯಾವಮ್ಮನಿಗೆ ನಾಲಿಗೆ ಏಳಲಿಲ್ಲ. ಶಾನುಭೋಗರ ಹತ್ತಿರ ಓಡಿದಳು. ಅದು ಅರಬ್ಬರ ಮಾತಂತೆ, ಸುಲ್ತಾನರ ಕಚೇರಿಗಳನ್ನು ಹಾದು ಇಲ್ಲಿಗೆ ಬಂತಂತೆ. ಸೆರಗು ಸರಿಮಾಡಿಕೊಂಡು, ತಾನೇ ಶಾನುಭೋಗರೆಂಬಂತೆ ಮಗನಿಗೆ ಹೇಳಿದಳು: “ಮೊದಲು ಹೆಂಗಿತ್ತೋ ಹಂಗೆ ಹಿಂದಕ್ಕೆ ತರೋದು ಕಣ್ಲಾ.”

ಚಿಕ್ಕೀರ ಕುಡುಗೋಲು ಹಿಡಿದು ಬೀದಿಯ ಗೋಡೆಗಳ ಸುಣ್ಣವನ್ನೆಲ್ಲ ಹೆರೆದುಬಿಟ್ಟ. ಊರೆಲ್ಲ ಬೈಯಿತು. ಗೋಡೆ ಮುಟ್ಟಬೇಡ, ಯಾರಿಗೆ ಸಾರಿದ್ದೆಯೋ ಅವರಿಗೆ ಹೋಗಿ ಬೇಡವಂತೆ ಅಂತ ಹೇಳು, ಅಷ್ಟೇ ರದ್ದು ಎಂದಳು ತಾಯಿ.

ಮುಂದಿನ ಸಲ ಕೆರೆಯ ಹೂಳೆತ್ತಲು ಮನೆಗೊಬ್ಬರು ಬನ್ನಿ ಎಂಬ ಅಪ್ಪಣೆ ರದ್ದಾಯಿತು. ಅಷ್ಟರಲ್ಲಿ, ಆ ಅಪ್ಪಣೆ ಕೇಳಿದ್ದ ಮುದುಕ ಸಿದ್ದಜ್ಜ ತೀರಿಕೊಂಡಿದ್ದ. ಚಿಕ್ಕೀರ ಬಿಡುತ್ತಾನೆಯೇ? ಅಜ್ಜನನ್ನು ಹೂತ ಹಸಿ ಗುಡ್ಡೆಯ ಮುಂದೆ ನಿಂತು ತಮಟೆ ಬಡಿದು, ಅಜ್ಜ ನೀನು ಕೆರೆಗೆ ಬರೋದು ಬೇಡ ಎಂದು ಸಾರಿದ. ಅಜ್ಜನ ಮಕ್ಕಳು ಅಟ್ಟಿಸಿಕೊಂಡು ಬಂದರು. ಇನ್ನೊಂದು ತಪ್ಪಾದರೆ ತಮಟೆ ಕಿತ್ತುಕೊಳ್ಳುತ್ತೇನೆ ಎಂದರು ಗೌಡರು.

ದ್ಯಾವಮ್ಮ ರಾತ್ರಿಯೆಲ್ಲ ಯೋಚಿಸಿ, ತನ್ನ ಬುದ್ಧಿಯನ್ನು ತಾನೇ ಮೆಚ್ಚಿಕೊಂಡು ಹೇಳಿದಳು: “ಗೌಡ್ರ ಮಾತು ಬೆಳಗ್ಗೆ ಒಂದು, ಸಂಜೆಗೆ ಒಂದು. ಏನೇ ಹೇಳ್ಲಿ, ಸಂಜೆಗಂಟ ಕಾದು ನೋಡು ಮಗ.”

ಮಾರನೆಯ ಬೆಳಗ್ಗೆ ಗೌಡರ ಬಣವೆಗೇ ಬೆಂಕಿ ಬಿತ್ತು. ಓಡು, ತಮಟೆ ಬಡಿ, ಜನರನ್ನು ಕೂಗು ಎಂದರು ಗೌಡರು. ಚಿಕ್ಕೀರ ಗೌಡರ ಜಗಲಿಯ ಮೇಲೇ ನೆಮ್ಮದಿಯಾಗಿ ಕೂತ. ಬಣವೆ ಬೂದಿಯಾಯಿತು.

ಸುದ್ದಿ ಕೇಳಿ ದ್ಯಾವಮ್ಮ ಎದ್ದುಬಿದ್ದು ಬಂದಳು. “ತಮಟೆ ಇಟ್ಟು ನಡಿ, ಇವತ್ತಿಂದ ನಿನಗೆ ಕೆಲಸ ಇಲ್ಲ,” ಎನ್ನುತ್ತಿದ್ದರು ಗೌಡರು. ಮಗನಿಗೆ ಬುದ್ಧಿ ಹೇಳಿದ ನನಗೇ ಬುದ್ಧಿ ಇಲ್ಲವಲ್ಲ ಎಂದು ಅವಳು ಹಣೆ ಚಚ್ಚಿಕೊಂಡಳು.

ಚಿಕ್ಕೀರ ತಮಟೆಯನ್ನು ತೊಡೆಯ ಮೇಲಿಟ್ಟುಕೊಂಡು ಅವಳಿಗೂ ಜಾಗ ಬಿಟ್ಟ.

“ಅಳಬೇಡ ಕೂತ್ಕೊ ಅವ್ವ. ಸಂಜೆ ಆಗ್ಲಿ.”