ಎಲ್ಲರಿಗೂ ಬರೆದ ಲೇಖನ

ಹೊಳೆದಂಡೆಯ ಒಂದು ಮಠದಲ್ಲಿ ನಡೆದದ್ದು. ಕೇಳಿದವರ ಕಣ್ಣು ತೆರೆಸಿದ ಗುರುಕೃಪೆ ಓದುವವರ ಮೇಲೂ ಇರಲಿ.

ಮಠದ ಸ್ವಾಮಿಗಳಾದ ಅಜ್ಜನವರಿಗೆ ಮಡಿವಾಳಯ್ಯನೆಂಬ ಶಿಷ್ಯನಿದ್ದ. ಲಕ್ವ ಹೊಡೆದವರಿಗೆ ನಡೆಯುವುದನ್ನು, ಮಾತಾಡುವುದನ್ನು, ನುಂಗುವುದನ್ನು ಮತ್ತೆ ಕಲಿಸುವುದು ಅವನ ಕಾಯಕ. ಕಲಿತದ್ದು ತನ್ನಲ್ಲೇ ಉಳಿಯಬಾರದೆಂದು ಎರಡು ವರ್ಷದಿಂದ ಬ್ಲಾಗ್ ಬರೆಯುತ್ತಿದ್ದ.

ಒಂದು ಸೋಮವಾರ ಬಂದು ಅಡ್ಡಬಿದ್ದ.

"ಅಜ್ಜಾ, ಬ್ಲಾಗ್ ನಿಲ್ಲಿಸಲು ಅಪ್ಪಣೆಯಾಗಬೇಕು. ಯಾರೂ ಓದುತ್ತಿಲ್ಲ."

"ಯಾರಿಗೆಂದು ಬರೆದೆ?"

"ಎಲ್ಲರಿಗೂ. ಡಾಕ್ಟರರಿಗೆ, ವಿದ್ಯಾರ್ಥಿಗಳಿಗೆ, ರೋಗಿಗಳಿಗೆ, ಅವರ ಮನೆಯವರಿಗೆ. ಜ್ಞಾನ ಹಂಚುವಾಗ ಭೇದ ಮಾಡಬೇಡ ಎಂದವರು ನೀವೇ."

ಅಜ್ಜನವರು ನಕ್ಕರು. "ನನ್ನ ತಲೆಗೇ ಕಟ್ಟಿದೆಯಲ್ಲೋ! ಒಂದು ಓದು, ಕೇಳೋಣ."

ಮಡಿವಾಳಯ್ಯ ಫೋನು ತೆಗೆದು, ನುಂಗಲಾಗದ ರೋಗಿಗಳ ಕುರಿತ ಲೇಖನವನ್ನು ಓದತೊಡಗಿದ. ಮೊದಲು ಕಾರಣಗಳು, ಆಮೇಲೆ ವಿಧಗಳು, ಆಮೇಲೆ ಸಂಶೋಧನೆಗಳು. ಅರ್ಧಕ್ಕೆ ಬಂದಾಗ ಅಜ್ಜನವರು ಕೈಯೆತ್ತಿ ತಡೆದರು.

ದರ್ಶನಕ್ಕೆ ಬಂದಿದ್ದ ಡಾಕ್ಟರೊಬ್ಬರು ಅಲ್ಲೇ ಕೂತಿದ್ದರು.

"ಹೇಗಿದೆ, ಡಾಕ್ಟರೇ?"

"ರೋಗಿಗಳಿಗೆ ಒಳ್ಳೆಯದು, ಅಜ್ಜಾರ. ನಮಗೆ ಗೊತ್ತಿದ್ದದ್ದೇ."

ಕಂಬದ ಬದಿಯಲ್ಲಿ ಊರಿನ ಕಲ್ಲವ್ವ ದಾಸೋಹಕ್ಕೆ ಬೇಳೆ ಹಸನು ಮಾಡುತ್ತಿದ್ದಳು.

"ನಿನಗೆ ಹೇಗನಿಸಿತವ್ವಾ?"

"ಚಲೋ ಐತ್ರಿ. ಡಾಕ್ಟರ್ ಮಂದೀಗೆ ಬರದದ್ದು. ಮೊನ್ನೆ ನನ್ನ ಮಗಳೂ ಫೋನಿನಾಗ ಇದನ್ನ ಓದಾಕ ಹತ್ತಿದ್ಲು. ನಮಗಲ್ಲ ಬಿಡ ಅಂದೆ."

"ನಿನ್ನ ಗಂಡ ಹೇಗಿದ್ದಾನೆ?"

ಮೊರದ ಮೇಲೆ ಅವಳ ಕೈ ನಿಂತಿತು.

"ಲಕ್ವ ಹೊಡದು ತಿಂಗಳಾತ್ರಿ. ಗಂಜಿ ಕೊಟ್ರ ಕೆಮ್ಮು. ನಿನ್ನೆ ಉಸಿರು ಕಟ್ಟಿ ಕಣ್ಣು ಮ್ಯಾಲ ಮಾಡಿದ್ರು. ಉಣಸಾಕ ಅಂಜಿಕಿ. ಉಣಸದಿದ್ರ ಹ್ಯಾಂಗ ಉಳೀತಾರ್ರಿ?"

ಮಡಿವಾಳಯ್ಯ ಎದ್ದು ಹೋಗಿ ಅವಳೆದುರು ನೆಲದ ಮೇಲೆ ಕೂತ.

"ಅವ್ವಾ, ಮಲಗಿಸಿ ಉಣಸ್ತೀಯೇನು?"

"ಹೂಂ ಮತ್ತ. ಕೂಡ್ರಾಕ ಆಗಂಗಿಲ್ಲಲ್ಲ."

"ಹಂಗ ಮಾಡಬ್ಯಾಡ. ಗ್ವಾಡಿಗೆ ದಿಂಬ ಕೊಟ್ಟು ನೆಟ್ಟಗ ಕೂಡ್ರಿಸು. ಗದ್ದ ಒಂಚೂರು ಕೆಳಗ. ಅರ್ಧ ಚಮಚ, ಅದೂ ಚಲೋ ಇರೋ ದವಡಿ ಕಡೆ. ಬಾಯಿ ಖಾಲಿ ಆದಮ್ಯಾಲ ಇನ್ನೊಂದು. ಕೆಮ್ಮಿದ್ರ ನಿಲ್ಲಿಸಿಬಿಡು. ಇವತ್ತ ನಾ ಬಂದು ನೋಡೂತನಕ ಏನೂ ಕೊಡಬ್ಯಾಡ."

ಕಲ್ಲವ್ವ ಅವನ ಮುಖವನ್ನೇ ನೋಡಿದಳು.

"ಇಷ್ಟ ಏನ್ರಿ? ಇದನ್ನ ಅದರಾಗ ಯಾಕ ಬರೀಲಿಲ್ಲ?"

"ಬರದೀನವ್ವಾ." ಮಡಿವಾಳಯ್ಯ ಫೋನಿನಲ್ಲಿ ಹುಡುಕಿ ತೋರಿಸಿದ. "ಹನ್ನೊಂದನೇ ಪ್ಯಾರಾದಾಗ ಐತಿ."

ಕಲ್ಲವ್ವ ಮೊರವನ್ನು ಬದಿಗಿಟ್ಟು, ಸೆರಗು ಸರಿಪಡಿಸಿಕೊಂಡು ಮನೆಗೆ ಹೊರಟಳು.

ಅಜ್ಜನವರು ಹೇಳಿದರು: "ಅವಳ ಹಿಂದೆ ಹೋಗು. ಮರಳಿ ಬಂದಮೇಲೆ ಬರೆ. ಈಗ ಹೇಳಿದ ಹಾಗೆಯೇ, ಅವಳಿಗೆ ಬರೆ."

ಮಡಿವಾಳಯ್ಯ ಬಾಗಿಲಲ್ಲಿ ತಡೆದು ನಿಂತ. "ಒಬ್ಬಳಿಗೆ ಬರೆದರೆ ಉಳಿದ ಸಾವಿರ ಮಂದಿ, ಅಜ್ಜಾ?"

"ಆ ಸಾವಿರ ಮನೆಗಳಲ್ಲೂ ಚಮಚ ಹಿಡಿದು ಕೂತವಳು ಒಬ್ಬಳೇ, ಮಗನೇ."