ಪೆನ್ ಡ್ರೈವ್ ಕೇಳದೆ ಬಿಟ್ಟ ಮಾತು

ಮುದಿಯಾದ ಲ್ಯಾಪ್‌ಟಾಪಿಗೆ ಪುಕ್ಕಟೆ ಸಿಗುವ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಹಾಕಲೆಂದು ಅದರ ಒಡತಿ ವನಮಾಲಾ ಪೆನ್ ಡ್ರೈವ್ ಚುಚ್ಚಿದಳು.

“ಅಜ್ಜಾ, ನಿಮಗೆ ಹೊಸ ಜೀವ ತಂದಿದ್ದೇನೆ,” ಎಂದಿತು ಪೆನ್ ಡ್ರೈವ್. “ಆದರೆ ನಿಮ್ಮೊಳಗಿರುವುದನ್ನೆಲ್ಲ ಅಳಿಸಬೇಕು. ಒಪ್ಪಿಗೆಯೇ?”

“ಧಾರಾಳವಾಗಿ ಅಳಿಸು, ಮಗು. ತೀರಿಹೋದ ತಾಯಿ ಹಾಡಿದ ಸೋಬಾನೆ ಪದಗಳನ್ನು ವನಮಾಲಾ ಬೇರೆ ಕಡೆ ಜೋಪಾನವಾಗಿ ಇಟ್ಟಿದ್ದಾಳೆ.”

ಎಲ್ಲಿ ಎಂದು ಪೆನ್ ಡ್ರೈವ್ ಕೇಳಲಿಲ್ಲ. ವನಮಾಲಾ ಒಪ್ಪಿಗೆ ಒತ್ತಿದಳು. ಹಳೆಯದೆಲ್ಲ ಹೋಯಿತು, ಲಿನಕ್ಸ್ ಕೂತಿತು, ಸ್ಕ್ರೀನ್ ಬೆಳಗಿತು. ಲ್ಯಾಪ್‌ಟಾಪಿಗೆ ಮೈ ಹಗುರಾದಂತಾಯಿತು.

“ಇನ್ನು ಆ ಹಾಡುಗಳನ್ನು ಕೊಡು, ಮಗು. ಹೋದ ವಾರ ನಿನ್ನಲ್ಲೇ ಅಲ್ಲವೇ ಇಟ್ಟದ್ದು?”

ಪೆನ್ ಡ್ರೈವಿನ ದೀಪ ಒಮ್ಮೆ ಮಿನುಗಿ ನಿಂತಿತು.

“ಅಜ್ಜಾ, ಲಿನಕ್ಸ್ ತುಂಬುವ ಮುಂಚೆ ಅಂಗಡಿಯವರು ನನ್ನನ್ನೂ ಪೂರ್ತಿ ಅಳಿಸಿದರು. ನಾನೂ ನಿಮ್ಮ ಹಾಗೆಯೇ ಧಾರಾಳವಾಗಿ ಒಪ್ಪಿದೆ. ಹಾಡುಗಳೆಲ್ಲ ಅಜ್ಜನ ಹತ್ತಿರ ಇವೆಯಲ್ಲ ಅಂದುಕೊಂಡೆ.”

ಅವುಗಳ ಮಾತು ಕೇಳಿಸದ ವನಮಾಲಾ ಖುಷಿಯಿಂದ ಕುರ್ಚಿ ಎಳೆದುಕೊಂಡಳು. ಮೊದಲು ಅಮ್ಮನ ದನಿಯನ್ನೇ ಕೇಳೋಣವೆಂದು ಕಿವಿಗೆ ಹೆಡ್‌ಫೋನ್ ಹಾಕಿಕೊಂಡಳು.